ಕೆರೆಯ ನೀರೂ ರಕ್ತದ ಸಕ್ಕರೆಯೂ



ಹಿಂದಿನವರು ಸಿಹಿಮೂತ್ರವೆಂದೂ, ಹಳ್ಳಿಯವರು ಸಕ್ಕರೆ ಕಾಯಿಲೆಯೆಂದೂ, ಪೇಟೆಯವರು ಬರಿದೆ ‘ಶುಗರ್’ ಎಂದೂ ಕರೆಯುವ ಮಧುಮೇಹದ ಹೆಸರನ್ನು ಕೇಳದವರು ಈಗ ನಮ್ಮ ನಾಡಿನಲ್ಲಿ ವಿರಳ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ, ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ, ಎಂದರೆ ಸುಮಾರು ಹತ್ತು ಕೋಟಿ ಜನರಿಗೆ, ಈ ವ್ಯಾಧಿಯುಂಟು. ವ್ಯಾಧಿಯ ವಿಚಾರವಾಗಿ ಹೇಳತಕ್ಕದ್ದು ಬಹಳವಿದ್ದರೂ ನಾವು ಇಂದು ಒಂದೇ ಒಂದು ಭಾಗವನ್ನು ಎತ್ತಿಕೊಳ್ಳುತ್ತೇವೆ. ‘ನಿಮಗೆ ಮಧುಮೇಹವಿದೆ’ ಎಂದು ವೈದ್ಯರು ಹೇಳಿದ ಮೇಲೆ ಮನುಷ್ಯನ ಕೈಗೆ ಒಂದು ಕಾಗದ ಬರುತ್ತದೆ. ಅದರಲ್ಲಿ 148 ಎಂದೊಂದು ಅಂಕಿ, 236 ಎಂದು ಮತ್ತೊಂದು, 8.1 ಎಂದು ಮೂರನೆಯದು. ಮನೆಗೆ ಬಂದು ಹತ್ತು ಸಲ ಮಡಿಸಿ ಬಿಚ್ಚಿ ನೋಡಿದರೂ ಅವು ಏನನ್ನು ಹೇಳುತ್ತವೆಂಬುದು ತಿಳಿಯದು. ನೆರೆಯವರು ಒಂದು ಬಗೆಯಾಗಿ ಹೇಳುತ್ತಾರೆ, ನೆಂಟರು ಮತ್ತೊಂದು ಬಗೆಯಾಗಿ. ಆ ಅಂಕಿಗಳನ್ನು ಓದುವುದು ಹೇಗೆ, ಓದಿ ಮಾಡತಕ್ಕದ್ದೇನು ಎಂಬುದೇ ಇಂದಿನ ವಿಷಯ.

ಇದನ್ನು ವಿವರಿಸುವುದಕ್ಕೆ ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ಊರುಗಳನ್ನು ನಾವು ಆರಿಸಿಕೊಂಡಿದ್ದೇವೆ. ಮೂರೂ ಚಿಕ್ಕಮಗಳೂರು ಜಿಲ್ಲೆಯವು; ಬೀರೂರಿನ ರೈಲು ಕೂಡುದಾಣದ ಸುತ್ತಲೇ ಇರತಕ್ಕವು. ಆದರೂ ಒಂದರ ಬಾಳಿನಂತೆ ಮತ್ತೊಂದರದಲ್ಲ. ಕಡೂರು ಬಯಲುಸೀಮೆ, ರಾಗಿಯೂ ತೆಂಗೂ ಅಲ್ಲಿಯ ಬೆಳೆ. ತರೀಕೆರೆಯ ಪಡುವಣ ಭಾಗ ಮಲೆನಾಡಿಗೆ ಸೇರಿದ್ದು. ಭದ್ರಾ ನದಿಗೆ ಅಣೆಕಟ್ಟು ಕಟ್ಟಿರುವ ಲಕ್ಕವಳ್ಳಿ ಆ ತಾಲ್ಲೂಕಿನಲ್ಲಿದೆ. ಅಡಕೆಯ ತೋಟಗಳೂ ಬತ್ತದ ಗದ್ದೆಗಳೂ ಅಲ್ಲುಂಟು. ಅಜ್ಜಂಪುರ ಅಮೃತಮಹಲ್ ರಾಸುಗಳಿಗೂ ಈರುಳ್ಳಿಗೂ ಹೆಸರಾದುದು. ಮುದ್ದೆಯುಣ್ಣುವವರು, ಅನ್ನವುಣ್ಣುವವರು, ಹೊಲದಲ್ಲಿ ದುಡಿಯುವವರು, ಅಂಗಡಿಯಲ್ಲಿ ಕುಳಿತಿರುವವರು, ಎಲ್ಲರೂ ಈ ಮೂರು ಊರುಗಳ ನಡುವೆ ದೊರೆಯುತ್ತಾರೆ. ಮಧುಮೇಹವೇ ಮೊದಲಾದ ಸಾಂಕ್ರಾಮಿಕವಲ್ಲದ ರೋಗಗಳ ತಡೆಗಾಗಿ ಭಾರತ ಸರ್ಕಾರವು 2010ರಲ್ಲಿ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದಾಗ, ಮೊದಲ ಹಂತಕ್ಕೆ ಕರ್ನಾಟಕದಿಂದ ಆಯ್ದ ಕೆಲವೇ ಜಿಲ್ಲೆಗಳಲ್ಲಿ ಚಿಕ್ಕಮಗಳೂರೂ ಒಂದಾಗಿತ್ತು. ಆದುದರಿಂದ ಪರೀಕ್ಷೆಯೆಂಬುದು ಈ ಸೀಮೆಗೆ ಹೊಸತಲ್ಲ. ಪರೀಕ್ಷೆಯ ಅರ್ಥವು ಮಾತ್ರ ಇನ್ನೂ ಮನೆಮನೆಗೆ ತಲುಪಬೇಕಾಗಿದೆ.

ಈ ಸೀಮೆಯವರಿಗೆ ಕೆರೆಯ ಹೋಲಿಕೆಯನ್ನು ಹೇಳಿದರೆ ಸಾಕು, ವಿಷಯವು ತಾನಾಗಿ ತಿಳಿಯುತ್ತದೆ. ಕಡೂರು ತಾಲ್ಲೂಕಿನಲ್ಲಿ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನು ನೋಡದವರು ಕಡಮೆ. ಕೆರೆಗೆ ಹಳ್ಳಗಳಿಂದ ನೀರು ಬರುತ್ತದೆ. ತೂಬನ್ನು ತೆರೆದರೆ ನೀರು ಕಾಲುವೆಗಿಳಿದು ಗದ್ದೆಗೆ ಹೋಗುತ್ತದೆ. ತೂಬನ್ನು ತೆರೆಯುವುದಕ್ಕೆ, ಮುಚ್ಚುವುದಕ್ಕೆ ನೀರುಗಂಟಿಯೊಬ್ಬನಿರುತ್ತಾನೆ. ನೀರು ಮಿತಿಮೀರಿದರೆ ಕೋಡಿ ಹರಿಯುತ್ತದೆ. ನಮ್ಮ ರಕ್ತವೂ ಇಂತಹ ಒಂದು ಕೆರೆ. ಅದರ ನೀರೇ ಸಕ್ಕರೆ. ನಾವು ಉಂಡ ಅನ್ನ, ಮುದ್ದೆ, ರೊಟ್ಟಿ, ಹಣ್ಣುಗಳು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಇಳಿಯುತ್ತವೆ. ಇದು ಮಳೆಯ ನೀರು. ಉಪವಾಸದ ಹೊತ್ತಿನಲ್ಲಿ ಪಿತ್ತಜನಕಾಂಗವು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಇದು ಬೇಸಗೆಯಲ್ಲಿಯೂ ಜಿನುಗುವ ಒರತೆ. ಮಾಂಸಖಂಡಗಳೇ ಗದ್ದೆಗಳು. ಮೇದೋಜೀರಕ ಗ್ರಂಥಿಯಿಂದ ಹೊರಡುವ ಇನ್ಸುಲಿನ್ ಎಂಬ ರಸವೇ ನೀರುಗಂಟಿ.

ಆರೋಗ್ಯವಂತನ ರಕ್ತದಲ್ಲಿ ಎಷ್ಟು ಸಕ್ಕರೆಯಿರುತ್ತದೆಂದು ಕೇಳಿದರೆ ನಮಗೆ ಆಶ್ಚರ್ಯವಾದೀತು. ವಯಸ್ಕನ ದೇಹದಲ್ಲಿ ರಕ್ತವು ಸುಮಾರು ಐದು ಲೀಟರು. ಅದರಲ್ಲಿ ಯಾವ ಹೊತ್ತಿಗಾದರೂ ತೇಲುತ್ತಿರುವ ಸಕ್ಕರೆಯು ಸುಮಾರು ಐದು ಗ್ರಾಂ, ಎಂದರೆ ಒಂದು ಚಹದ ಚಮಚೆಯಷ್ಟು ಮಾತ್ರ. ಒಂದು ಲೋಟ ಪಾನಕದಲ್ಲಿ ಇದರ ನಾಲ್ಕೈದು ಪಾಲು ಸಕ್ಕರೆಯಿರುವುದುಂಟು. ಅದನ್ನು ಕುಡಿದರೂ ಕೆರೆಯು ಉಕ್ಕದಂತೆ ಕಾಯುವವನು ನೀರುಗಂಟಿ. ನೀರುಗಂಟಿಯೇ ಇಲ್ಲವಾದರೆ ಅದು ಮೊದಲನೆಯ ಬಗೆಯ ಮಧುಮೇಹ; ಎಳೆಯರಲ್ಲಿ ಹೆಚ್ಚಾಗಿ ಕಾಣತಕ್ಕದ್ದು. ನೀರುಗಂಟಿಯಿದ್ದೂ ತೂಬು ತುಕ್ಕುಹಿಡಿದು, ಎಳೆದೆಳೆದು ಅವನೂ ಕ್ರಮೇಣ ಬಳಲಿದರೆ ಅದು ಎರಡನೆಯ ಬಗೆ. ನಮ್ಮಲ್ಲಿ ಬಹುಮಂದಿಗಿರುವುದು ಇದೇ.

ಇನ್ನು ಕೋಡಿಯ ಮಾತು. ರಕ್ತದ ಸಕ್ಕರೆಯು ನೂರು ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಂ ಮೀರಿದಾಗ ಮೂತ್ರಪಿಂಡಗಳು ಅದನ್ನು ಹಿಡಿದಿಡಲಾರದೆ ಮೂತ್ರದಲ್ಲಿ ಹೊರಬಿಡುತ್ತವೆ. ನಮ್ಮ ಪ್ರಾಚೀನ ವೈದ್ಯರು ಈ ವ್ಯಾಧಿಗೆ ಮಧುಮೇಹವೆಂದು ಹೆಸರಿಟ್ಟುದು ಈ ಕೋಡಿಯ ನೀರನ್ನು ಕಂಡೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಸ್ಟಾನ್ಲಿ ಬೆನೆಡಿಕ್ಟ್ ಎಂಬವನು ಒಂದು ನೀಲಿ ದ್ರಾವಣವನ್ನು ಸಿದ್ಧಪಡಿಸಿದನು. ಅದಕ್ಕೆ ಎಂಟು ತೊಟ್ಟು ಮೂತ್ರವನ್ನು ಬೆರಸಿ ಕಾಯಿಸಿದರೆ, ಸಕ್ಕರೆಯಿಲ್ಲದಾಗ ನೀಲಿಯಾಗಿಯೇ ಉಳಿಯುವುದು. ಇದ್ದರೆ ಹಸುರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು. ದಶಕಗಳ ಕಾಲ ಆಸ್ಪತ್ರೆಗಳಲ್ಲಿಯೂ ಮನೆಗಳಲ್ಲಿಯೂ ಇದೇ ಪರೀಕ್ಷೆ ನಡೆಯಿತು. ಆದರೆ ಕೋಡಿಯ ಬಳಿ ನಿಂತವನಿಗೆ ಕೆರೆ ತುಂಬಿ ಹರಿದಾಗ ತಿಳಿಯುತ್ತದೆಯೇ ಹೊರತು, ಹರಿಯದಿದ್ದಾಗ ನೀರು ಎಷ್ಟು ಕೆಳಗಿದೆಯೆಂಬುದು ತಿಳಿಯದು. ಸಕ್ಕರೆಯು 170 ಇದ್ದರೂ ನೀಲಿ, 90 ಇದ್ದರೂ ನೀಲಿ, ಅಪಾಯಕರವಾಗಿ 50ಕ್ಕೆ ಇಳಿದಿದ್ದರೂ ನೀಲಿ. ಅಲ್ಲದೆ ಕೆರೆಗೂ ದೇಹಕ್ಕೂ ಒಂದು ಭೇದವುಂಟು. ಕೆರೆಯಲ್ಲಿ ಕೋಡಿ ಬೀಳುವವರೆಗೆ ಏರಿಗೆ ಭಯವಿಲ್ಲ. ದೇಹದಲ್ಲಿ ಕೋಡಿ ಹರಿಯುವುದಕ್ಕೆ ಬಹಳ ಮೊದಲೇ ಏರಿಯ ಮಣ್ಣು ಸದ್ದಿಲ್ಲದೆ ಕೊರೆಯತೊಡಗುತ್ತದೆ. ಕಣ್ಣಿನ ಒಳಪರದೆ, ಮೂತ್ರಪಿಂಡ, ಪಾದದ ನರಗಳು, ಹೃದಯದ ರಕ್ತನಾಳಗಳು, ಇವೇ ಆ ಏರಿ. ನೋವಿಲ್ಲವೆಂದು ಸುಮ್ಮನಿದ್ದವನಿಗೆ ಹಾನಿಯಾದ ಮೇಲೆಯೇ ನೋವು ತಿಳಿಯುವುದು. ಆದಕಾರಣ ಕೋಡಿಯನ್ನು ಬಿಟ್ಟು ಕೆರೆಯ ನೀರನ್ನೇ ಅಳೆಯಬೇಕಾಯಿತು. ಇದೇ ರಕ್ತಪರೀಕ್ಷೆ.

ಮೊದಲು, ವ್ಯಾಧಿಯುಂಟೆಂದು ನಿರ್ಣಯಿಸುವ ಅಂಕಿಗಳು. ಎಂಟು ಗಂಟೆಗಳ ಉಪವಾಸದ ತರುವಾಯ 126 ಅಥವಾ ಅದಕ್ಕೆ ಮೇಲ್ಪಟ್ಟು. 75 ಗ್ರಾಂ ಗ್ಲೂಕೋಸನ್ನು ಕುಡಿಸಿ ಎರಡು ಗಂಟೆ ಕಳೆದ ಮೇಲೆ 200 ಅಥವಾ ಮೇಲ್ಪಟ್ಟು. ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲಿ ನೂರಕ್ಕೆ 6.5 ಅಥವಾ ಮೇಲ್ಪಟ್ಟು. ಇಲ್ಲವೆ ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ಸೊರಗುವುದು ಮುಂತಾದ ಲಕ್ಷಣಗಳೊಡನೆ ಯಾವ ಹೊತ್ತಿನಲ್ಲಾದರೂ 200 ಅಥವಾ ಮೇಲ್ಪಟ್ಟು ಇದ್ದರೆ ಮಧುಮೇಹವೆಂದು ತಿಳಿಯತಕ್ಕದ್ದು. ಲಕ್ಷಣಗಳಿಲ್ಲದವನಲ್ಲಿ ಒಂದೇ ಒಂದು ಅಂಕಿಯನ್ನು ನಂಬಿ ಮಧುಮೇಹಿಯೆಂದು ಕರೆಯಕೂಡದು. ಮತ್ತೊಂದು ಪರೀಕ್ಷೆಯಿಂದ ಅದು ದೃಢಪಡಬೇಕು. ಮನೆಯಲ್ಲಿ ಬೆರಳನ್ನು ಚುಚ್ಚಿ ನೋಡುವ ಯಂತ್ರದಿಂದ ನಿರ್ಣಯ ಮಾಡುವುದು ಸಲ್ಲದು. ಅದಕ್ಕೆ ಪ್ರಯೋಗಶಾಲೆಯ ಪರೀಕ್ಷೆಯೇ ಬೇಕು.

ನಿರ್ಣಯವಾದ ಮೇಲೆ ಪರೀಕ್ಷೆಯ ಉದ್ದೇಶವೇ ಬೇರೆಯಾಗುತ್ತದೆ. ಇಲ್ಲಿಂದ ಮುಂದೆ ಒಂದೊಂದು ಪರೀಕ್ಷೆಯೂ ಒಂದೊಂದು ಪ್ರಶ್ನೆ. ಯಾವ ಪ್ರಶ್ನೆಯನ್ನು ಕೇಳಿದೆವೆಂಬುದನ್ನು ಅರಿಯದೆ ಉತ್ತರವನ್ನು ಓದುವುದರಿಂದಲೇ ಅರ್ಧ ಗಾಬರಿಯೂ ಅರ್ಧ ಹುಸಿ ಧೈರ್ಯವೂ ಹುಟ್ಟುತ್ತವೆ.

ಉಪವಾಸದ ಪರೀಕ್ಷೆಯು ಕೇಳುವುದು, ಮಳೆಯಿಲ್ಲದಾಗ ಕೆರೆಯ ನೀರೆಷ್ಟು ಎಂದು. ರಾತ್ರಿಯೆಲ್ಲ ಪಿತ್ತಜನಕಾಂಗದ ಒರತೆಯು ಹದವಾಗಿ ಜಿನುಗಿತೆ, ಮಿತಿಮೀರಿ ಹರಿಯಿತೆ ಎಂಬುದನ್ನು ಇದು ತಿಳಿಸುತ್ತದೆ. ಉಪವಾಸವೆಂದರೆ ನೀರನ್ನುಳಿದು ಮತ್ತೇನನ್ನೂ ಸೇವಿಸದಿರುವುದು. ಕಾಫಿಯ ನಾಡಾದ ನಮ್ಮ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಬೇಕು: ‘ಏನೂ ತಿಂದಿಲ್ಲ, ಒಂದು ಲೋಟ ಕಾಫಿ ಮಾತ್ರ’ ಎಂದರೆ ಉಪವಾಸವು ಮುರಿದಂತೆಯೇ, ಅದರ ಹಾಲಿನಲ್ಲಿಯೂ ಸಕ್ಕರೆಯುಂಟು. ಪರೀಕ್ಷೆಯ ದಿನ ಬೆಳಗಿನ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಯಾವಾಗ ತೆಗೆದುಕೊಳ್ಳಬೇಕೆಂಬುದನ್ನು ಹಿಂದಿನ ದಿನವೇ ವೈದ್ಯರಲ್ಲಿ ಕೇಳಿಕೊಳ್ಳತಕ್ಕದ್ದು.

ಊಟದ ನಂತರದ ಪರೀಕ್ಷೆಯು ಕೇಳುವುದು, ಮಳೆ ಸುರಿದಾಗ ನೀರುಗಂಟಿಯು ಹೇಗೆ ನಿಭಾಯಿಸಿದನು ಎಂದು. ಇದರಲ್ಲಿ ಎರಡು ಗಂಟೆಯನ್ನು ಊಟದ ಮೊದಲ ತುತ್ತಿನಿಂದ ಎಣಿಸಬೇಕು, ಕೈ ತೊಳೆದ ಹೊತ್ತಿನಿಂದಲ್ಲ. ಎಂದಿನ ಊಟವನ್ನೇ ಮಾಡಿ, ಎಂದಿನ ಔಷಧವನ್ನೇ ತೆಗೆದುಕೊಂಡು ಪರೀಕ್ಷೆಗೆ ಹೋಗಬೇಕು. ಪರೀಕ್ಷೆಯಿದೆಯೆಂದು ಎರಡು ಇಡ್ಲಿಯಲ್ಲಿ ಮುಗಿಸಿದರೆ ಉತ್ತರವು ಆ ಎರಡು ಇಡ್ಲಿಗೆ ಸಂಬಂಧಿಸಿದ್ದೇ ಹೊರತು ನಮ್ಮ ದಿನನಿತ್ಯದ ಬಾಳಿಗಲ್ಲ.

ಎಚ್‌ಬಿಎ1ಸಿ ಪರೀಕ್ಷೆಯು ಇಂದು ನೀರೆಷ್ಟೆಂದು ಕೇಳುವುದಿಲ್ಲ; ಕಳೆದ ಎರಡು ಮೂರು ತಿಂಗಳಲ್ಲಿ ಕೆರೆಯು ಸರಾಸರಿಯಾಗಿ ಯಾವ ಮಟ್ಟದಲ್ಲಿತ್ತೆಂದು ಕೇಳುತ್ತದೆ. ಕೆರೆಯ ನೀರು ಇಳಿದರೂ ತೂಬಿನ ಕಲ್ಲಿನ ಮೇಲೆ ನೀರಿನ ಗುರುತು ಉಳಿಯುವುದಷ್ಟೆ? ಅದರಂತೆ ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ನಿಗೆ ಸಕ್ಕರೆಯು ಅಂಟಿಕೊಳ್ಳುತ್ತದೆ. ಕಣವು ಬದುಕಿರುವ ಸುಮಾರು 120 ದಿನಗಳೂ ಬಿಡುವುದಿಲ್ಲ. ಮಧುಮೇಹಿಗಳ ರಕ್ತದಲ್ಲಿ ಇಂತಹ ಹಿಮೋಗ್ಲೋಬಿನ್ ಹೆಚ್ಚಾಗಿರುವುದನ್ನು 1968ರಲ್ಲಿ ಇರಾನ್ ದೇಶದ ಸಾಮ್ಯುಯೆಲ್ ರಹ್‌ಬರ್ ಎಂಬ ವಿಜ್ಞಾನಿ ಪ್ರಕಟಿಸಿದನು. ಈ ಪರೀಕ್ಷೆಗೆ ಉಪವಾಸ ಬೇಕಿಲ್ಲ. ಇದರಲ್ಲಿ 6 ಎಂದರೆ ಸರಾಸರಿ ಸಕ್ಕರೆಯು ಸುಮಾರು 126. 7 ಎಂದರೆ 154. 8 ಎಂದರೆ 183. 9 ಎಂದರೆ 212. ಬೇರೆ ತೊಂದರೆಗಳಿಲ್ಲದ ಬಹುಮಂದಿ ಮಧುಮೇಹಿಗಳಿಗೆ ಉಪವಾಸದಲ್ಲಿ 80ರಿಂದ 130, ಊಟದ ನಂತರ 180ರ ಒಳಗೆ, ಎಚ್‌ಬಿಎ1ಸಿ 7ರ ಒಳಗೆ ಇರಲೆಂಬುದು ಸಾಮಾನ್ಯವಾದ ಗುರಿ. ವೃದ್ಧರಿಗೂ ಹೃದಯ ಮೂತ್ರಪಿಂಡಗಳ ವ್ಯಾಧಿಯಿರುವವರಿಗೂ ವೈದ್ಯರು ಈ ಗುರಿಯನ್ನು ಸಡಿಲಿಸುವುದುಂಟು; ಗರ್ಭಿಣಿಯರಿಗೆ ಬಿಗಿಗೊಳಿಸುವುದುಂಟು. ಆದಕಾರಣ ನೆರೆಮನೆಯವರ ಗುರಿಯನ್ನು ನಾವು ಎರವಲು ತರಬಾರದು.

ಈ ಮೂರು ಪ್ರಶ್ನೆಗಳಲ್ಲಿ ಒಂದನ್ನೇ ಕೇಳಿ ಉಳಿದೆರಡನ್ನು ಬಿಟ್ಟರೆ ಏನಾಗುವುದೆಂಬುದಕ್ಕೆ ಮೂರು ಉದಾಹರಣೆಗಳನ್ನು ಕಲ್ಪಿಸಿಕೊಳ್ಳೋಣ.

ಕಡೂರಿನಲ್ಲಿ ನಿವೃತ್ತರಾದ ಉಪಾಧ್ಯಾಯರೊಬ್ಬರಿದ್ದಾರೆಂದು ಇಟ್ಟುಕೊಳ್ಳಿ. ನಿಯಮವುಳ್ಳವರು, ತಪ್ಪದೆ ತಿಂಗಳಿಗೊಮ್ಮೆ ಉಪವಾಸದ ಪರೀಕ್ಷೆ ಮಾಡಿಸುತ್ತಾರೆ. ಪ್ರತಿ ಸಲವೂ 110, 115. ಕಾಯಿಲೆ ಹತೋಟಿಯಲ್ಲಿದೆಯೆಂದು ಅವರಿಗೆ ಸಮಾಧಾನ. ಹೊಸದಾಗಿ ಬಂದ ವೈದ್ಯರು, “ಮೇಷ್ಟ್ರೇ, ಊಟವಾದ ಮೇಲೆ ಎಂದಾದರೂ ನೋಡಿಸಿದ್ದೀರಾ?” ಎಂದು ಕೇಳುತ್ತಾರೆ. “ಇಲ್ಲ ಸ್ವಾಮಿ, ಬೆಳಗಿನದೇ ಸರಿಯಿದೆಯಲ್ಲ” ಎಂದು ಇವರ ಉತ್ತರ. ನೋಡಿದರೆ ಊಟದ ನಂತರ 250. ಒರತೆಯು ಹದವಾಗಿದೆ, ಆದರೆ ಮಳೆ ಬಂದಾಗಲೆಲ್ಲ ಕೋಡಿ ಹರಿಯುತ್ತಿದೆ.

ತರೀಕೆರೆಯಲ್ಲಿ ಅಡಕೆಯ ವ್ಯಾಪಾರದ ಸಾಹುಕಾರರೊಬ್ಬರು. ವೈದ್ಯರ ಬಳಿಗೆ ಹೋಗುವ ಮುನ್ನ ಮೂರು ದಿನ ಸಿಹಿಯನ್ನು ಮುಟ್ಟರು, ಅನ್ನವನ್ನು ಅರ್ಧ ಮಾಡುವರು, ಸಂಜೆ ರೈಲು ನಿಲ್ದಾಣದವರೆಗೆ ನಡೆದು ಬರುವರು. ಪರೀಕ್ಷೆಯಲ್ಲಿ 124 ಬರುವುದು. ಅಂದು ರಾತ್ರಿಯೇ ಹೋಳಿಗೆ. ವೈದ್ಯರನ್ನು ಮೆಚ್ಚಿಸುವುದಕ್ಕಾಗಿ ಪರೀಕ್ಷೆ ಮಾಡಿಸುವವರು ಲೋಕದಲ್ಲಿ ಬಹಳ. ಶಾಲೆಯ ತನಿಖಾಧಿಕಾರಿ ಬರುವ ದಿನ ಮಾತ್ರ ಗೋಡೆಗೆ ಸುಣ್ಣ ಬಳಿದಂತೆ ಇದು. ಎಚ್‌ಬಿಎ1ಸಿ ಮಾಡಿಸಿದಾಗ 9 ಎಂದು ಬಂದರೆ, ತಿಂಗಳುಗಟ್ಟಲೆಯಿಂದ ಸಕ್ಕರೆಯು ಸರಾಸರಿ 212ರಲ್ಲಿತ್ತೆಂದು ಅರ್ಥ. ಮೂರು ದಿನದ ವ್ರತಕ್ಕೆ ಅದು ಬಗ್ಗುವುದಿಲ್ಲ.

ಅಜ್ಜಂಪುರದಲ್ಲಿ ಒಬ್ಬ ತಾಯಿ. ಅವರಿಗೆ ಎಚ್‌ಬಿಎ1ಸಿ 7.6 ಬಂದಿದೆ, ಆದರೆ ಉಪವಾಸದಲ್ಲಿಯೂ ಊಟದ ನಂತರವೂ ಪದೇ ಪದೇ ನೋಡಿದರೆ ಅಂಕಿಗಳು ಅಷ್ಟು ಹೆಚ್ಚಿಲ್ಲ. ಮಾತ್ರೆಯನ್ನು ಹೆಚ್ಚಿಸುವುದಕ್ಕೆ ಮುನ್ನ ನೋಡಬೇಕಾದುದು ಅವರ ರಕ್ತಹೀನತೆಯನ್ನು. ಕಬ್ಬಿಣದ ಅಂಶ ಕಡಮೆಯಾದಾಗ ಕೆಂಪು ಕಣಗಳು ಹಳತಾಗಿ ಉಳಿದು, ಸಕ್ಕರೆಯು ಅಷ್ಟಿಲ್ಲದಿದ್ದರೂ ಎಚ್‌ಬಿಎ1ಸಿ ಏರಿ ಕಾಣಬಹುದು. ರಕ್ತಸ್ರಾವವಾದವರಲ್ಲಿ, ಕಣಗಳು ಬೇಗ ಒಡೆಯುವ ವ್ಯಾಧಿಯುಳ್ಳವರಲ್ಲಿ ಇದಕ್ಕೆ ಪ್ರತಿಯಾಗಿ ಇಳಿದು ಕಾಣಬಹುದು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿರುವಾಗ, ಇದು ಅಪೂರ್ವದ ಮಾತಲ್ಲ.

ಈ ಮೂವರಲ್ಲಿ ಯಾರ ಅಂಕಿಯೂ ಸುಳ್ಳಲ್ಲ. ಒಂದು ಅಂಕಿಯಿಂದ ಅದು ಹೇಳದ ಸಂಗತಿಯನ್ನು ಊಹಿಸಿದುದೇ ತೊಂದರೆ.

ಈಗ ಪರೀಕ್ಷೆ ಮಾಡುವ ಕ್ರಮಕ್ಕೆ ಬರೋಣ. ಇಂದು ಅಂಗೈಯೊಳಗೆ ಹಿಡಿಯುವ ಗ್ಲೂಕೋಮೀಟರ್ ಎಂಬ ಯಂತ್ರವು ಸಣ್ಣ ಊರುಗಳ ಔಷಧದ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಅದರ ಪಟ್ಟಿಯಲ್ಲಿ ಲೇಪಿಸಿರುವ ಒಂದು ಕಿಣ್ವವು ರಕ್ತದ ಸಕ್ಕರೆಯೊಡನೆ ಕೂಡಿ ಅತ್ಯಲ್ಪವಾದ ವಿದ್ಯುತ್ತನ್ನು ಹುಟ್ಟಿಸುತ್ತದೆ. ಸಕ್ಕರೆ ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚು. ಅದನ್ನಳೆದು ಯಂತ್ರವು ಅಂಕಿಯನ್ನು ತೋರಿಸುತ್ತದೆ. ಚುಚ್ಚುವ ಮುನ್ನ ಕೈಯನ್ನು ಸೋಪು ನೀರಿನಿಂದ ತೊಳೆದು ಚೆನ್ನಾಗಿ ಒರಸಿಕೊಳ್ಳತಕ್ಕದ್ದು. ಬಾಳೆಯ ಹಣ್ಣನ್ನು ಸುಲಿದ ಬೆರಳಿನಲ್ಲಿ, ಬೆಲ್ಲವನ್ನು ಮುರಿದ ಬೆರಳಿನಲ್ಲಿ ಉಳಿದ ಅಂಟು ಅಂಕಿಯನ್ನು ಬಹಳವಾಗಿ ಏರಿಸಬಲ್ಲುದು. ಒದ್ದೆಯ ಬೆರಳಾದರೆ ರಕ್ತವು ನೀರಾಗಿ ಅಂಕಿಯು ಇಳಿಯುವುದು. ಬೆರಳ ತುದಿಯ ನಡುಭಾಗಕ್ಕಿಂತ ಪಕ್ಕದಲ್ಲಿ ಚುಚ್ಚಿದರೆ ನೋವು ಕಡಮೆ. ರಕ್ತವು ಬಾರದಿದ್ದರೆ ಕೈಯನ್ನು ಕೆಳಗೆ ಜೋಲಿಸಿ ಬೆಚ್ಚಗೆ ಮಾಡಿಕೊಳ್ಳಬೇಕು, ಬಲವಾಗಿ ಹಿಂಡಕೂಡದು. ಪಟ್ಟಿಗಳ ಡಬ್ಬಿಯ ಮುಚ್ಚಳವನ್ನು ಕೂಡಲೆ ಬಿಗಿಯಬೇಕು. ಮಲೆನಾಡಿನ ಮಳೆಗಾಲದ ಥಂಡಿಯು ಪಟ್ಟಿಗಳಿಗೆ ಶತ್ರು. ಅವಧಿ ಮುಗಿದ ಪಟ್ಟಿಯನ್ನು ಉಪಯೋಗಿಸಬಾರದು. ಒಬ್ಬರು ಬಳಸಿದ ಸೂಜಿಯನ್ನು ಮತ್ತೊಬ್ಬರಿಗೆ, ಮನೆಯವರಿಗಾದರೂ, ಬಳಸಬಾರದು.

ಯಂತ್ರವು ಪ್ರಾಮಾಣಿಕವಾಗಿದ್ದರೂ ಅಕ್ಕಸಾಲಿಯ ತಕ್ಕಡಿಯಲ್ಲ. 2013ರ ಅಂತರರಾಷ್ಟ್ರೀಯ ಮಾನದಂಡದಂತೆ, ಸಕ್ಕರೆಯು 100 ಅಥವಾ ಅದಕ್ಕೆ ಮೇಲ್ಪಟ್ಟಿದ್ದಾಗ ನೂರರಲ್ಲಿ 95 ಫಲಿತಾಂಶಗಳು ನಿಜವಾದ ಅಳತೆಯಿಂದ ನೂರಕ್ಕೆ 15ರ ಅಂತರದೊಳಗಿದ್ದರೆ ಯಂತ್ರವು ಸರಿಯೆನಿಸುತ್ತದೆ. ಎಂದರೆ ನಿಜವಾಗಿ 160 ಇರುವಾಗ 140 ಎಂದೋ 180 ಎಂದೋ ತೋರಿಸಿದರೂ ಅದು ಕೆಟ್ಟ ಯಂತ್ರವಲ್ಲ. ಐದು ನಿಮಿಷದ ಅಂತರದಲ್ಲಿ ಎರಡು ಸಲ ಚುಚ್ಚಿ, 152 ಇದ್ದುದು 163 ಆಯಿತೆಂದು ಕಳವಳಪಡುವುದು ವ್ಯರ್ಥ.

ಪ್ರಯೋಗಶಾಲೆಯ ಅಳತೆಗೂ ಒಂದು ಎಚ್ಚರಿಕೆ ಬೇಕು. ರಕ್ತವನ್ನು ಕೊಳವೆಗೆ ತೆಗೆದ ಮೇಲೂ ಅದರ ಕಣಗಳು ಬದುಕಿದ್ದು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಬರಿಯ ಕೊಳವೆಯಲ್ಲಿಟ್ಟರೆ ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಕರಗುತ್ತದೆ. ಬೆಳಗ್ಗೆ ಅಜ್ಜಂಪುರದಲ್ಲಿ ತೆಗೆದ ರಕ್ತವು ಮಧ್ಯಾಹ್ನದ ಹೊತ್ತಿಗೆ ದೂರದ ಪಟ್ಟಣದಲ್ಲಿ ಪರೀಕ್ಷೆಯಾಗುವುದಾದರೆ, ನಾಲ್ಕು ಗಂಟೆಗಳಲ್ಲಿ 140 ಇದ್ದುದು 110ರ ಸುಮಾರಿಗೆ ಇಳಿದು ಕಾಣಬಹುದು. ಇದನ್ನು ತಡೆಯುವುದಕ್ಕಾಗಿಯೇ ಫ್ಲೋರೈಡ್ ಲವಣವಿರುವ, ಬೂದುಬಣ್ಣದ ಮುಚ್ಚಳದ ಕೊಳವೆಯನ್ನು ಬಳಸುತ್ತಾರೆ. ಅದರಲ್ಲಿಯೂ ಮೊದಲ ಒಂದೆರಡು ಗಂಟೆ ಸ್ವಲ್ಪ ಇಳಿತವುಂಟು. ಪರೀಕ್ಷೆಯು ಎಲ್ಲಿ, ಎಷ್ಟು ಹೊತ್ತಿಗೆ ನಡೆಯುವುದೆಂದು ವಿನಯದಿಂದ ಕೇಳುವುದು ರೋಗಿಯ ಹಕ್ಕು.

ಅಂಕಿ ಕೈಗೆ ಬಂದಿತು; ಮುಂದೇನು? ಎಲ್ಲಕ್ಕಿಂತ ಮುಖ್ಯವಾದುದು ಇದು. ಅಂಕಿಯನ್ನು ನೋಡಿ ನಿಟ್ಟುಸಿರಿಟ್ಟು ಯಂತ್ರವನ್ನು ಪೆಟ್ಟಿಗೆಯಲ್ಲಿಡುವುದಾದರೆ ಬೆರಳನ್ನು ಚುಚ್ಚಿಕೊಂಡುದು ದಂಡ. ಒಂದು ನೋಟುಪುಸ್ತಕವನ್ನಿಟ್ಟು ದಿನಾಂಕ, ಹೊತ್ತು, ಅಂಕಿ, ಉಂಡದ್ದೇನು, ನಡೆದದ್ದೆಷ್ಟು, ಔಷಧ ತಪ್ಪಿತೆ ಎಂಬುದನ್ನು ಬರೆಯಬೇಕು. ಊಟಕ್ಕೆ ಮುನ್ನ ಒಂದು, ಎರಡು ಗಂಟೆ ಕಳೆದು ಒಂದು, ಹೀಗೆ ಜೋಡಿಯಾಗಿ ನೋಡಿದರೆ ಆ ಊಟದ ಗುಣವು ತಿಳಿಯುತ್ತದೆ. ರಾಗಿಯ ಮುದ್ದೆಯನ್ನು ಎಷ್ಟು ಉಂಡರೂ ಬಾಧಕವಿಲ್ಲವೆಂಬ ನಂಬಿಕೆ ಬಯಲುಸೀಮೆಯಲ್ಲಿ ಬಲವಾಗಿದೆ. ರಾಗಿಯಲ್ಲಿ ನಾರೂ ಸುಣ್ಣದ ಅಂಶವೂ ಹೆಚ್ಚೆಂಬುದು ನಿಜ. ಆದರೆ ಅದರ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಪಿಷ್ಟವೇ, ಮತ್ತು ಪಿಷ್ಟವು ಜೀರ್ಣವಾಗಿ ಸಕ್ಕರೆಯೇ ಆಗುವುದು. ಬೆಲ್ಲವನ್ನು ಕುರಿತ ನಂಬಿಕೆಯೂ ಹಾಗೆಯೇ. ವಾದವೇಕೆ? ಒಂದು ದಿನ ಎರಡು ಮುದ್ದೆಯುಂಡು ನೋಡಿ; ಮತ್ತೊಂದು ದಿನ ಒಂದು ಮುದ್ದೆ, ಹೆಚ್ಚು ಸೊಪ್ಪಿನ ಸಾರು, ಒಂದು ಹಿಡಿ ಮೊಳಕೆಯ ಕಾಳು ಸೇರಿಸಿ ನೋಡಿ; ಮೂರನೆಯ ದಿನ ಉಂಡ ಮೇಲೆ ಕಾಲು ಗಂಟೆ ನಡೆದು ನೋಡಿ. ನಡೆದಾಗ ಮಾಂಸಖಂಡಗಳು ನೀರುಗಂಟಿಯನ್ನು ಅಷ್ಟಾಗಿ ಕಾಯದೆ ತಾವೇ ನೀರನ್ನು ಸೆಳೆದುಕೊಳ್ಳುವುವು. ತಮ್ಮ ದೇಹವು ತಮಗೆ ಹೇಳಿದುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಂಕಿಯು ಒಂದು ವಾರ ಸರಿಯಾಗಿದ್ದಿತೆಂದು ಔಷಧವನ್ನು ತಾವಾಗಿ ನಿಲ್ಲಿಸುವುದೂ, ಏರಿತೆಂದು ತಾವಾಗಿ ಹೆಚ್ಚಿಸುವುದೂ ಕೂಡದು. ಔಷಧದಿಂದಲೇ ಅಂಕಿ ಸರಿಯಾಗಿರುವುದೆಂಬುದನ್ನು ಮರೆಯಬಾರದು.

ಇಳಿದ ಸಕ್ಕರೆಯ ಅಪಾಯವನ್ನು ಹೇಳದೆ ಮುಂದುವರಿಯಲಾಗದು. ಏರಿದ ಸಕ್ಕರೆ ವರ್ಷಗಳಲ್ಲಿ ಮಾಡುವ ಕೇಡನ್ನು ಇಳಿದ ಸಕ್ಕರೆ ಗಳಿಗೆಯಲ್ಲಿ ಮಾಡಬಲ್ಲುದು. ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ, ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ, ಊಟ ತಪ್ಪಿದಾಗಲೂ ಹೊಲದಲ್ಲಿ ಮಿತಿಮೀರಿ ದುಡಿದಾಗಲೂ ಇದು ಸಂಭವಿಸುತ್ತದೆ. ಬೆವರು, ನಡುಕ, ಎದೆಬಡಿತ, ತಟ್ಟನೆ ಹಸಿವು, ಮಾತು ತೊದಲುವುದು ಇದರ ಲಕ್ಷಣ. ಯಂತ್ರದಲ್ಲಿ 70ಕ್ಕಿಂತ ಕಡಮೆ ಬಂದರೆ ಕೂಡಲೆ ಮೂರು ನಾಲ್ಕು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ಮೇಲೆ ಮತ್ತೆ ನೋಡಬೇಕು. ಏರದಿದ್ದರೆ ಮತ್ತೆ ಕುಡಿಯಬೇಕು. ಏರಿದ ಮೇಲೆ ಊಟ ಮಾಡಬೇಕು. ಯಂತ್ರ ಹತ್ತಿರವಿಲ್ಲದಿದ್ದರೆ ಲಕ್ಷಣಗಳನ್ನೇ ನಂಬಿ ಸಕ್ಕರೆ ಕೊಡಬಹುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇದಕ್ಕೆ ಪ್ರತಿಯಾಗಿ ಅಂಕಿಯು 300ರ ಮೇಲೆಯೇ ನಿಂತು, ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಆಗಲೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಎಷ್ಟು ಸಲ ಪರೀಕ್ಷಿಸಬೇಕು? ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರು ಹೇಳಿದಂತೆ ದಿನದಿನವೂ, ಹಲವು ಸಲ. ಮಾತ್ರೆಯಲ್ಲಿ ಹತೋಟಿಯಿರುವವರಿಗೆ ಅಷ್ಟು ಬೇಕಿಲ್ಲ. ಔಷಧವನ್ನು ಬದಲಿಸಿದಾಗ, ಜ್ವರ ಮುಂತಾದವು ಬಂದಾಗ ಮಾತ್ರ ಹೆಚ್ಚಿಸಬೇಕು. ಎಚ್‌ಬಿಎ1ಸಿ ಪರೀಕ್ಷೆಯು ಹತೋಟಿಯಲ್ಲಿರುವವರಿಗೆ ವರ್ಷಕ್ಕೆ ಎರಡು ಸಲ, ಇಲ್ಲದವರಿಗೆ ಮೂರು ತಿಂಗಳಿಗೊಮ್ಮೆ. ಇದರೊಡನೆ ಏರಿಯನ್ನೂ ನೋಡಿಸಬೇಕು: ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆ, ಮೂತ್ರದಲ್ಲಿ ಹೋಗುವ ಆಲ್ಬುಮಿನ್, ಪಾದಗಳ ಸ್ಪರ್ಶ, ಭೇಟಿಭೇಟಿಗೂ ರಕ್ತದೊತ್ತಡ. ರಾಷ್ಟ್ರೀಯ ಕಾರ್ಯಕ್ರಮದಂತೆ 30 ವರ್ಷ ದಾಟಿದವರು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಪರೀಕ್ಷಿಸಿಕೊಳ್ಳಬಹುದು. ಮನೆಯಲ್ಲೊಬ್ಬರಿಗೆ ವ್ಯಾಧಿಯಿದ್ದರೆ ಉಳಿದವರು ಇದನ್ನು ತಪ್ಪಿಸಕೂಡದು.

ಇಷ್ಟೆಲ್ಲ ಶ್ರಮಕ್ಕೆ ಫಲವುಂಟೆ ಎಂದು ಕೇಳುವವರಿಗೆ ಒಂದು ಉತ್ತರ. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ ಇಪ್ಪತ್ತು ವರ್ಷ ನಡೆದ ಒಂದು ಮಹಾಪ್ರಯೋಗದ ಫಲಿತಾಂಶವು 1998ರಲ್ಲಿ ಪ್ರಕಟವಾಯಿತು. ಹೊಸದಾಗಿ ಮಧುಮೇಹ ತಿಳಿದುಬಂದವರಲ್ಲಿ ಒಂದು ಗುಂಪಿನ ಎಚ್‌ಬಿಎ1ಸಿ 7ರಲ್ಲಿಯೂ ಮತ್ತೊಂದರದು 7.9ರಲ್ಲಿಯೂ ಇದ್ದವು. ಅಂತರವು ಒಂದಕ್ಕಿಂತ ಕಡಮೆ. ಆದರೂ ಕಣ್ಣು, ಮೂತ್ರಪಿಂಡ ಮುಂತಾದೆಡೆ ಸಣ್ಣ ರಕ್ತನಾಳಗಳಿಗೆ ಬರುವ ಕೇಡು ಮೊದಲ ಗುಂಪಿನಲ್ಲಿ ನೂರಕ್ಕೆ 25ರಷ್ಟು ತಗ್ಗಿತು. ಕಾಗದದ ಮೇಲಿನ ಆ ಸಣ್ಣ ಅಂತರದಲ್ಲಿ ಎಷ್ಟೋ ಜನರ ಕಣ್ಣಿನ ಬೆಳಕು ಅಡಗಿತ್ತು.

1921ರಲ್ಲಿ ಟೊರೊಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸುವುದಕ್ಕೆ ಮುನ್ನ, ಮೊದಲನೆಯ ಬಗೆಯ ಮಧುಮೇಹವು ತಗುಲಿದ ಬಾಲಕನಿಗೆ ವೈದ್ಯರು ತಿಂಗಳುಗಳನ್ನೆಣಿಸುತ್ತಿದ್ದರು. ಇಂದು ಕಡೂರಿನ ಬಾಲಕನೂ ಅಜ್ಜಂಪುರದ ಅಜ್ಜಿಯೂ ದಶಕಗಳನ್ನೆಣಿಸಬಹುದು. ಅದಕ್ಕೆ ಕೇಳುವ ಬೆಲೆಯೆಂದರೆ ಒಂದು ತೊಟ್ಟು ರಕ್ತ, ಒಂದು ಗೆರೆ ಬರೆವಣಿಗೆ, ಮತ್ತು ಬಂದ ಅಂಕಿಯನ್ನು ಮುಚ್ಚಿಡದ ಮನಸ್ಸು. ನೀರಿಳಿದರೆ ನೀರುಗಂಟಿಯನ್ನು ಯಾರೂ ಬಯ್ಯುವುದಿಲ್ಲ. ಎಷ್ಟಿದೆಯೆಂದು ನೋಡಿಕೊಂಡು ಬೆಳೆಗೆ ಏರ್ಪಾಡು ಮಾಡುತ್ತಾರೆ. ಅಂಕಿ ಏರಿದಾಗ ನಾಚದೆ, ಇಳಿದಾಗ ಮೈಮರೆಯದೆ, ಎರಡನ್ನೂ ಹಾಗೆಯೇ ವೈದ್ಯರ ಮುಂದಿಡುವುದು ಮಧುಮೇಹಿಯು ತನಗೆ ತಾನು ಮಾಡಿಕೊಳ್ಳುವ ದೊಡ್ಡ ಉಪಕಾರ.